ಗರಡಿಮನೆಯೂ ಗುರುಮನೆ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಶ್ರೀಮಠದ ಸಭಾಮಂಟಪದಲ್ಲಿ ದಯಪಾಲಿಸಿದ ಆಶೀರ್ವಚನ)



ನಿನ್ನೆಯ ದಿನ ಇದೇ ಮಂಟಪದಲ್ಲಿ ಗಣಾಚಾರವನ್ನು ಕುರಿತು ನಾಲ್ಕು ಮಾತುಗಳನ್ನು ಹೇಳಿದೆವು. ಇಂದು ಭೃತ್ಯಾಚಾರದ ಸರದಿ. ಆದರೆ ನಿನ್ನೆ ಪ್ರವಚನ ಮುಗಿದು ಎಲ್ಲರೂ ಪ್ರಸಾದಕ್ಕೆ ಎದ್ದಾಗ ಒಬ್ಬ ತಾಯಿ ಎಂಟು ವರುಷದ ಮಗನ ಕೈ ಹಿಡಿದುಕೊಂಡು ಬಂದು ಕೇಳಿದರು: "ಅಜ್ಜಾರ, ಇವನ್ನ ಗರಡಿಗೆ ಕಳಸಲಿ ಏನ್ರಿ, ಪ್ಯಾಟ್ಯಾಗಿನ ಕರಾಟೆ ಕ್ಲಾಸಿಗೆ ಹಾಕಲಿ ಏನ್ರಿ? ಮನ್ಯಾಗ ಯಾರ ಮಾತೂ ಕೇಳಂಗಿಲ್ಲ. ಒಂದೀಟು ಶಿಸ್ತು ಬರಲಿ ಅಂತ." ಆ ಕೂಸು ನಮ್ಮ ಪಾದುಕೆಗಳನ್ನು ತಾನು ಮೆಟ್ಟಿಕೊಂಡು ನಿಂತಿತ್ತು! ನಾವು ನಕ್ಕು, "ನಾಳೆ ಬಾ ತಾಯಿ, ಸಭೆಯಲ್ಲಿಯೇ ಹೇಳುತ್ತೇವೆ" ಎಂದೆವು. ಆದಕಾರಣ ಇಂದಿನ ಮಾತು ಆ ತಾಯಿಗೆ ಕೊಡುವ ಉತ್ತರ. ಅದರಲ್ಲಿಯೇ ಭೃತ್ಯಾಚಾರವೂ ಬಂದೇ ಬರುತ್ತದೆ.

ಹಿಂದೆ ಇಂಥ ಪ್ರಶ್ನೆಗೆ ನಾವು ತಡಮಾಡದೆ ಉತ್ತರ ಕೊಟ್ಟುಬಿಡುತ್ತಿದ್ದೆವು. ಈಗ ಕೊಡುವುದಿಲ್ಲ. ಏಕೆಂಬುದನ್ನು ಮೊದಲು ಹೇಳಿಬಿಡುವುದು ಒಳ್ಳೆಯದು. ಅದು ನಮ್ಮದೇ ತಪ್ಪಿನ ಕಥೆ.

ಆರೇಳು ವರುಷಗಳ ಹಿಂದೆ ಶ್ರೀಮಠದ ಭಕ್ತರೊಬ್ಬರು ಹೀಗೆಯೇ ಮಗನನ್ನು ಕರೆತಂದರು. ಹುಡುಗನಿಗೆ ಆಗ ಹನ್ನೆರಡು ವರುಷ. "ಕೈಕಾಲು ಗಟ್ಟಿ ಆಗಲಿ, ಅಂಜಿಕೆ ಹೋಗಲಿ ಅಂತ ಒಂದು ಕ್ಲಾಸಿಗೆ ಹಾಕೀನ್ರಿ, ಆಶೀರ್ವಾದ ಆಗಲಿ" ಎಂದರು. ನಾವು ಹಣೆಗೆ ವಿಭೂತಿ ಹಚ್ಚಿ, "ಶುಭವಾಗಲಿ, ಶರೀರ ಸಾಧನೆ ಒಳ್ಳೆಯದು" ಎಂದು ಹರಸಿ ಕಳುಹಿದೆವು. ಎಲ್ಲಿ ಕಲಿಯುತ್ತಾನೆ ಎಂದು ಕೇಳಲಿಲ್ಲ. ಯಾರು ಕಲಿಸುತ್ತಾರೆ ಎಂದು ಕೇಳಲಿಲ್ಲ. ಹುಡುಗ ಕಲಿತ, ಬಣ್ಣಬಣ್ಣದ ಪಟ್ಟಿಗಳು ನಡುವಿಗೆ ಬಂದವು, ಫಲಕಗಳು ಮನೆಗೆ ಬಂದವು, ಪಡಸಾಲೆಯ ಗೋಡೆ ತುಂಬಿತು. ಹೋದ ವರುಷ ಕಾಲೇಜಿನಲ್ಲಿ ಒಂದು ಸಣ್ಣ ಮಾತಿಗೆ ಜಗಳವಾಗಿ ಸಹಪಾಠಿಯ ದವಡೆಯನ್ನು ಮುರಿದುಬಿಟ್ಟ. ಎದುರಿನ ಹುಡುಗ ಒಂದು ಪೆಟ್ಟಿಗೇ ಕೆಳಗೆ ಬಿದ್ದಿದ್ದ. ಬಿದ್ದವನನ್ನು ಇವನು ಮತ್ತೆ ಎರಡು ಸಲ ಹೊಡೆದ. ಪೊಲೀಸ್ ಠಾಣೆ, ಕೋರ್ಟು, ಎಲ್ಲವೂ ಆಯಿತು. ಆ ತಂದೆ ಬಂದು ನಮ್ಮ ಪಾದ ಹಿಡಿದುಕೊಂಡು ಅತ್ತರು. "ಅಜ್ಜಾರ, ನೀವ ಆಶೀರ್ವಾದ ಮಾಡಿ ಕಳಿಸಿದ್ರಲ್ಲ" ಎಂದರು. ಅವರು ದೂರಲಿಲ್ಲ, ದುಃಖದಲ್ಲಿ ನುಡಿದ ಮಾತು. ಆದರೆ ನಮಗೆ ಅದು ಚುಚ್ಚಿತು. ಚುಚ್ಚಬೇಕಾದ ಮಾತೇ ಅದು. ಕೇಳದೆ, ನೋಡದೆ, ವಿಚಾರಿಸದೆ ಕೊಟ್ಟ ಆಶೀರ್ವಾದ ಅದು. ಅವರ ಒಪ್ಪಿಗೆ ಪಡೆದು ಇದನ್ನು ಹೇಳುತ್ತಿದ್ದೇವೆ, ಹೆಸರು ಹೇಳುವುದಿಲ್ಲ.

ಹುಡುಗನನ್ನು ಕರೆಸಿ ಕೇಳಿದೆವು: "ಬಿದ್ದವನನ್ನು ಏಕೆ ಹೊಡೆದೆಯಪ್ಪಾ?" ಅವನು ತಲೆ ತಗ್ಗಿಸಿ ಬಹಳ ಹೊತ್ತು ನಿಂತು, "ಎಲ್ಲಿ ನಿಲ್ಲಿಸಬೇಕು ಅಂತ ಯಾರೂ ಹೇಳಿಕೊಟ್ಟಿಲ್ರಿ" ಎಂದ. ಶರಣಬಂಧುಗಳೇ, ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿರಿ. ಐದಾರು ವರುಷ ಹೊಡೆಯುವುದನ್ನು ಕಲಿತವನಿಗೆ ನಿಲ್ಲಿಸುವುದನ್ನು ಯಾರೂ ಕಲಿಸಿರಲಿಲ್ಲ.

ಹಾಗಾದರೆ ಈ ವಿದ್ಯೆಯೇ ಕೆಟ್ಟದ್ದೇ? ಅಲ್ಲ. ಶರೀರಬಲವನ್ನು ನಮ್ಮ ಪರಂಪರೆ ಎಂದೂ ಹೀನೈಸಲಿಲ್ಲ. ಅಂಗದ ಮೇಲೆ ಲಿಂಗವನ್ನು ಧರಿಸುವ ಧರ್ಮ ನಮ್ಮದು. ಅಂಗವನ್ನು ಹಳಿದು ಲಿಂಗವನ್ನು ಪೂಜಿಸುವುದು ಹೇಗೆ? ಕಾಯಕ ಮಾಡಬೇಕಾದರೂ ಕಾಯ ಗಟ್ಟಿಯಿರಬೇಕು. ಬಸವಣ್ಣನವರು ಬಾಳಿದ ಕಲ್ಯಾಣವನ್ನು ಅವರಿಗಿಂತ ಸ್ವಲ್ಪ ಮುಂಚೆ ಆಳಿದವನು ಚಾಲುಕ್ಯ ವಂಶದ ಮೂರನೆಯ ಸೋಮೇಶ್ವರ. ಅವನ ಬಿರುದೇ ಭೂಲೋಕಮಲ್ಲ. ಅವನ ಹೆಸರಿನಲ್ಲಿರುವ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ ಮಲ್ಲವಿನೋದವೆಂದೇ ಒಂದು ಪ್ರಕರಣವುಂಟು. ಮಲ್ಲರನ್ನು ಮೂರು ತರಗತಿಗಳಾಗಿ ವಿಂಗಡಿಸಬೇಕು, ಸಮಾನರನ್ನೇ ಸಮಾನರೊಡನೆ ಹೂಡಬೇಕು, ಅವರ ಆಹಾರ ಹೇಗಿರಬೇಕು, ಭಾರ ಹೊರುವ ಶ್ರಮ, ನಡಿಗೆಯ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬದ ಮೇಲಿನ ಶ್ರಮ ಹೇಗೆ ಮಾಡಿಸಬೇಕು, ಎಂದೆಲ್ಲ ಅಲ್ಲಿ ಹೇಳಿದೆ. ನಾವು ಪಾಠಶಾಲೆಯಲ್ಲಿ ಓದುತ್ತಿದ್ದಾಗ ಒಬ್ಬ ಶಾಸ್ತ್ರಿಗಳು ಅದನ್ನು ಬಿಡಿಸಿ ಹೇಳಿದ್ದರು. ಇಂದು ನಾವು ಮಲ್ಲಕಂಬವೆನ್ನುವುದು ಆ ಕಂಬದ ಶ್ರಮದ ಬಳಗದ್ದೇ. ಒಂಬೈನೂರು ವರುಷಗಳ ಹಿಂದೆ ಇಷ್ಟು ಲೆಕ್ಕಾಚಾರ! ಏಕೆ? ಬಲವೆಂಬುದು ಬೆಂಕಿಯಿದ್ದ ಹಾಗೆ. ಒಲೆ ಕಟ್ಟದೆ ಬೆಂಕಿ ಹಚ್ಚಬಾರದು ಎಂಬುದನ್ನು ಹಿರಿಯರು ಬಲ್ಲವರಾಗಿದ್ದರು.

ನಿನ್ನೆ ಗಣಾಚಾರವನ್ನು ಹೇಳುವಾಗ ಮಡಿವಾಳ ಮಾಚಿದೇವರ ಹೆಸರು ಹೇಳಿದೆವು. ದೇವರ ಹಿಪ್ಪರಗಿಯಿಂದ ಕಲ್ಯಾಣಕ್ಕೆ ಬಂದ ಶರಣರು. ಕಲ್ಯಾಣದಲ್ಲಿ ಕ್ರಾಂತಿಯಾಗಿ ಶರಣರು ಚದುರಿ ಉಳವಿಯತ್ತ ನಡೆದಾಗ, ಬೆನ್ನಟ್ಟಿದ ಸೈನ್ಯಕ್ಕೆ ಅಡ್ಡ ನಿಂತು ಶರಣಸಮೂಹವನ್ನೂ ವಚನದ ಕಟ್ಟುಗಳನ್ನೂ ಕಾಪಾಡಿದವರು ಅವರೆಂದು ನಮ್ಮ ಪರಂಪರೆ ನೆನೆಯುತ್ತದೆ. ಆದರೆ ಆ ಕೈ ದಿನವೂ ಏನು ಮಾಡುತ್ತಿತ್ತು? ಶರಣರ ಬಟ್ಟೆಗಳನ್ನು ಒಗೆಯುತ್ತಿತ್ತು. ಬಟ್ಟೆ ಒಗೆಯುವ ಕೈಯೇ ಕತ್ತಿ ಹಿಡಿದದ್ದು. ಕತ್ತಿ ಹಿಡಿಯುವುದು ಗಣಾಚಾರ, ಬಟ್ಟೆ ಒಗೆಯುವುದು ಭೃತ್ಯಾಚಾರ. ಸಮೂಹಕ್ಕೆ ಅನ್ಯಾಯವಾದಾಗ ಸುಮ್ಮನಿರದೆ ಎದ್ದು ನಿಲ್ಲುವುದು ಒಂದು. ಎಲ್ಲರಿಗಿಂತ ನಾನು ಕಿರಿಯನೆಂದು ಬಾಗಿ ಸೇವೆಗೈಯುವುದು ಇನ್ನೊಂದು. ಇವೆರಡೂ ಒಂದೇ ದೇಹದಲ್ಲಿ ಇರಬೇಕು. ಬರೀ ಗಣಾಚಾರ ಕಲಿಸಿ ಭೃತ್ಯಾಚಾರ ಕಲಿಸದಿದ್ದರೆ ಗೂಂಡಾ ಹುಟ್ಟುತ್ತಾನೆ. ಬರೀ ಭೃತ್ಯಾಚಾರ ಕಲಿಸಿ ಗಣಾಚಾರ ಕಲಿಸದಿದ್ದರೆ ಹೇಡಿ ಹುಟ್ಟುತ್ತಾನೆ. ನಮಗೆ ಇಬ್ಬರೂ ಬೇಡ.

ಆ ಹುಡುಗ ನಮ್ಮನ್ನು ಕೇಳಿದ: "ಎಲ್ಲಾ ಬಿಟ್ಟುಬಿಡಲಿ ಏನ್ರಿ?" ನಾವು ಹೇಳಿದೆವು: "ಆ ಶಾಲೆಯನ್ನು ಬಿಡು, ಸಾಧನೆಯನ್ನು ಬಿಡಬೇಡ. ಈ ಸಲ ನಾವೇ ನೋಡಿ ಹೇಳುತ್ತೇವೆ." ಹೇಳಿದ್ದೇನೋ ಆಯಿತು, ನೋಡುವುದು ಹೇಗೆ?

ನಮ್ಮ ಬಾಲ್ಯ ನೆನಪಾಯಿತು. ನಮ್ಮ ಪೂರ್ವಾಶ್ರಮದ ಊರಿನಲ್ಲಿ ಒಂದು ಗರಡಿಮನೆಯಿತ್ತು. ತಗ್ಗು ಬಾಗಿಲು, ಒಳಗೆ ಕತ್ತಲೆ, ನಡುವೆ ಕೆಮ್ಮಣ್ಣಿನ ಕಣ, ಗೂಡಿನಲ್ಲಿ ಹನುಮಂತ ದೇವರು, ಮೂಲೆಯಲ್ಲಿ ಲೋಡು, ಗದೆ, ಕಲ್ಲುಗುಂಡು. ಆ ಬಾಗಿಲು ಏಕೆ ಅಷ್ಟು ತಗ್ಗು ಎಂದರೆ, ಎಷ್ಟು ದೊಡ್ಡ ಪೈಲವಾನನಾದರೂ ಬಾಗಿಯೇ ಒಳಗೆ ಬರಲಿ ಎಂದು. ನಾವು ಹತ್ತು ವರುಷದವರಿದ್ದಾಗ ಗೆಳೆಯರ ಬೆನ್ನುಹತ್ತಿ ಅಲ್ಲಿಗೆ ಹೋದೆವು. ಪಟ್ಟು ಹಾಕುವುದನ್ನು ಕಲಿಯುವ ಆತುರ. ವಸ್ತಾದರು ಕೈಗೆ ಸಲಿಕೆ ಕೊಟ್ಟರು! ಹದಿನೈದು ದಿನ ಬರೀ ಮಣ್ಣು ಅಗೆಯುವುದು, ಹೆಂಟೆ ಒಡೆಯುವುದು, ಕಲ್ಲು ಆರಿಸುವುದು, ಎಣ್ಣೆ, ಅರಿಸಿನ, ಮಜ್ಜಿಗೆ ಬೆರೆಸಿದ ಮಣ್ಣನ್ನು ಹದಮಾಡುವುದು. ನಾವು ಬೇಸತ್ತು ಕೇಳಿದ್ದಕ್ಕೆ ಅವರು, "ಮೊದಲ ಮಣ್ಣಿನ ಹದ ತಿಳಕೋ ತಮ್ಮಾ. ಆಮ್ಯಾಲೆ ಮನಶಾನ ಮೈ ಮುಟ್ಟಾಕ ಬರ್ತೈತಿ. ಈ ಮಣ್ಣಾಗ ಒಂದು ಕಲ್ಲು ಬಿಟ್ಟಿ ಅಂದ್ರ, ನಾಳೆ ಬೀಳಾಂವನ ಬೆನ್ನಿಗೆ ಅದು ಚುಚ್ಚತೈತಿ" ಎಂದರು. ಅವರಿಗೆ ಅಕ್ಷರ ಬರುತ್ತಿರಲಿಲ್ಲ. ನಾವು ಆಮೇಲೆ ವ್ಯಾಕರಣ, ನ್ಯಾಯ, ಆಗಮಗಳನ್ನೆಲ್ಲ ಓದಿದೆವು. ಎದುರಾಳಿಯ ಬೆನ್ನಿಗೆ ಕಲ್ಲು ಚುಚ್ಚಬಾರದೆಂದು ಹದಿನೈದು ದಿನ ಕಲ್ಲು ಆರಿಸಿದ ಆ ಪಾಠಕ್ಕಿಂತ ದೊಡ್ಡ ಅಹಿಂಸೆಯ ಪಾಠವನ್ನು ಯಾವ ಗ್ರಂಥದಲ್ಲಿಯೂ ಕಾಣಲಿಲ್ಲ.

ಪಾಠಶಾಲೆಯಲ್ಲಿ ನಮಗೆ ಕಲಿಸಿದ ಒಂದೆರಡು ಶಬ್ದಗಳನ್ನೂ ಇಲ್ಲಿ ಹೇಳುತ್ತೇವೆ. 'ಶಾಸ್' ಎಂಬ ಧಾತುವಿನಿಂದ 'ಶಿಷ್ಯ' ಎಂಬ ಮಾತು ಹುಟ್ಟಿತು. ಶಾಸನಕ್ಕೆ, ಎಂದರೆ ತಿದ್ದುವಿಕೆಗೆ ಒಳಗಾಗಲು ಯೋಗ್ಯನಾದವನು ಶಿಷ್ಯ. 'ನೀ' ಎಂಬ ಧಾತುವಿಗೆ ನಡೆಸು, ಒಯ್ಯು ಎಂಬ ಅರ್ಥ. ಅದರಿಂದ 'ವಿನಯ' ಬಂದಿತು. ನಾವು ಇಂದು ವಿನಯವೆಂದರೆ ಕೈಮುಗಿದು ನಿಲ್ಲುವುದು ಎಂದುಕೊಂಡಿದ್ದೇವೆ. ಪೂರ್ವದಲ್ಲಿ ವಿನಯವೆಂದರೆ ತರಬೇತಿ. ಕೌಟಿಲ್ಯನ ಅರ್ಥಶಾಸ್ತ್ರದ ಮೊದಲನೆಯ ಅಧಿಕರಣದ ಹೆಸರೇ ವಿನಯಾಧಿಕಾರಿಕ. ರಾಜನಾಗುವವನಿಗೂ ಮೊದಲು ವಿನಯ, ಆಮೇಲೆ ರಾಜ್ಯ. ತರಬೇತಿಗೂ ನಮ್ರತೆಗೂ ಹಿರಿಯರು ಒಂದೇ ಶಬ್ದವನ್ನು ಇಟ್ಟರು. ಯಾವ ತರಬೇತಿ ನಮ್ರತೆಯನ್ನು ತರಲಿಲ್ಲವೋ ಅದು ತರಬೇತಿಯೇ ಅಲ್ಲ.

ಇನ್ನು ಆಗಮಗಳಲ್ಲಿ ದೀಕ್ಷೆಗೆ ಮುಂಚೆ ಗುರು ಶಿಷ್ಯನನ್ನು ಪರೀಕ್ಷಿಸಬೇಕು, ಶಿಷ್ಯನೂ ಗುರುವನ್ನು ಪರೀಕ್ಷಿಸಬೇಕು ಎಂಬ ವಿಧಿಯುಂಟು. ಗುರುವನ್ನು ಪರೀಕ್ಷಿಸುವುದು ಅವಿನಯವಲ್ಲ. ಎತ್ತು ಕೊಳ್ಳುವಾಗ ಹಲ್ಲು ಎಣಿಸುತ್ತೀರಿ, ಗೊರಸು ನೋಡುತ್ತೀರಿ, ಸುಳಿ ನೋಡುತ್ತೀರಿ. ಮಗನನ್ನು ಒಪ್ಪಿಸುವಾಗ ಬರೀ ಫೀಜು ಎಷ್ಟೆಂದು ಕೇಳಿ ಬರುತ್ತೀರಲ್ಲ!

ಆದ್ದರಿಂದ ನಾವು ನೋಡಲು ಹೊರಟೆವು. ಮೊದಲು ನಾವೇ ಒಂದು ಕಡೆಗೆ ಹೋದೆವು. ಕಾವಿ ಕಂಡೊಡನೆ ಕಲಿಸುವವರು ಓಡಿ ಬಂದರು, ಹಾರ ಬಂತು, ಹಣ್ಣು ಬಂತು, ಹುಡುಗರೆಲ್ಲ ಸಾಲಾಗಿ ನಿಂತು ನಮಸ್ಕಾರ ಮಾಡಿದರು. ಎಲ್ಲವೂ ಚಂದ. ಹಿಂದಿರುಗುವಾಗ, ಇದರಿಂದ ಏನೂ ತಿಳಿಯಲಿಲ್ಲವೆಂದು ನಮಗೆ ಅನಿಸಿತು. ಪೂರ್ಣಕುಂಭದ ಮುಂದೆ ನಿಜ ಕಾಣಿಸುವುದಿಲ್ಲ. ಆಮೇಲೆ ನಮ್ಮ ಮಠದ ಅಡುಗೆಯವನನ್ನು ಕಳುಹಿದೆವು. ಮೊಮ್ಮಗನನ್ನು ಸೇರಿಸಬೇಕೆಂದು ಹೇಳಿ ಅವನು ಹೋದ. ಅವನಿಗೆ ನಿಜವಾಗಿಯೂ ಮೊಮ್ಮಗನಿದ್ದಾನೆ, ಆದ್ದರಿಂದ ಸುಳ್ಳಾಗಲಿಲ್ಲ! ಒಂದೊಂದು ಕಡೆಗೆ ಮೂರು ಮೂರು ದಿನ ಹೋಗಿ ಬಾಗಿಲಲ್ಲಿ ಕುಳಿತು ನೋಡಿಬಂದು ಹೇಳಿದ.

ನಾವು ಹಾರ ಹಾಕಿಸಿಕೊಂಡು ಬಂದ ಆ ಶಾಲೆಯಲ್ಲಿ ಅರವತ್ತು ಮಕ್ಕಳಿಗೆ ಒಬ್ಬನೇ ಕಲಿಸುವವನು. ಅರ್ಧ ಹೊತ್ತು ಮೊಬೈಲು ಫೋನಿನಲ್ಲಿ. ಮೂರು ತಿಂಗಳಿಗೊಂದು ಪರೀಕ್ಷೆ, ಪರೀಕ್ಷೆಗೊಂದು ಪಟ್ಟಿ, ಪಟ್ಟಿಗೊಂದು ಫೀಜು. ಹಣ ಕಟ್ಟಿದವರಲ್ಲಿ ಪಟ್ಟಿ ಸಿಗದೆ ಮನೆಗೆ ಹೋದವನನ್ನು ಅವನು ಕಾಣಲಿಲ್ಲ. ಎರಡನೆಯದು ಹಳೆಯ ಗರಡಿ. ಕೆಮ್ಮಣ್ಣು, ಹನುಮಂತ ದೇವರು, ಎಲ್ಲವೂ ಇತ್ತು. ಇದಾದರೆ ನಮ್ಮ ಬಾಲ್ಯದ ಗರಡಿಯಂತೆಯೇ ಇರಬಹುದೆಂದು ನಾವು ಆಶೆಪಟ್ಟಿದ್ದೆವು. ಆದರೆ ಅಲ್ಲಿಯ ಹಿರಿಯನು ಚುನಾವಣೆ ಬಂದರೆ ಹುಡುಗರನ್ನು ಮೆರವಣಿಗೆಗೆ, ಬೆದರಿಕೆಗೆ ಕಳುಹಿಸುವವನೆಂದು ಓಣಿಯ ಜನರೇ ಹೇಳಿದರು. ದೇವರ ಗೂಡಿನ ಮುಂದೆ ಬೆಳೆದ ತೋಳನ್ನು ಬಾಡಿಗೆಗೆ ಕೊಡುವುದೆಂದರೆ ಏನು ಹೇಳೋಣ! ಮೂರನೆಯದು ಒಂದು ಸರಕಾರಿ ಶಾಲೆಯ ಪಡಸಾಲೆ. ಕಲಿಸುವವರು ಒಬ್ಬ ಹೆಣ್ಣುಮಗಳು, ಕರಾಟೆ ಕಲಿತವರು. ಇಪ್ಪತ್ತು ಮಕ್ಕಳು. ಪಾಠಕ್ಕೆ ಮುಂಚೆ ಮಕ್ಕಳೇ ಪಡಸಾಲೆ ಗುಡಿಸುತ್ತಾರೆ, ಆಕೆಯೂ ಕಸಬರಿಗೆ ಹಿಡಿಯುತ್ತಾರೆ. ಒಂದು ಕುಂಟುವ ಹುಡುಗ ಇದ್ದಾನಂತೆ. ಅವನಿಗೆ ನಿಂತು ಒದೆಯಲು ಬರುವುದಿಲ್ಲವೆಂದು ಆಕೆ ಬೇರೆ ರೀತಿಯ ವರಸೆಗಳನ್ನು ಕಲಿಸಿ, ಉಳಿದವರಿಂದ ಅವನಿಗೆ ಚಪ್ಪಾಳೆ ತಟ್ಟಿಸುತ್ತಿದ್ದರಂತೆ. ಇದನ್ನು ಹೇಳುವಾಗ ನಮ್ಮ ಅಡುಗೆಯವನ ಕಣ್ಣು ಒದ್ದೆಯಾಗಿತ್ತು. "ನಾನು ನನ್ನ ಮೊಮ್ಮಗನ್ನ ಅಲ್ಲೇ ಹಾಕಿಬಂದೆ ಅಜ್ಜಾರ" ಎಂದ.

ಇದರಿಂದ ನಮಗೆ ಒಂದು ಮಾತು ಸ್ಪಷ್ಟವಾಯಿತು. ದೇಶೀಯವೋ ವಿದೇಶೀಯವೋ, ಹಳೆಯದೋ ಹೊಸದೋ ಎಂಬುದರಲ್ಲಿ ಗುಟ್ಟಿಲ್ಲ. ಕರಾಟೆಯನ್ನು ಓಕಿನಾವಾ ದ್ವೀಪದಿಂದ 1922ರಲ್ಲಿ ಟೋಕಿಯೋ ನಗರಕ್ಕೆ ಒಯ್ದು ತೋರಿಸಿದ ಗಿಚಿನ್ ಫುನಾಕೋಶಿ ಶಾಲೆಯ ಉಪಾಧ್ಯಾಯರು. ಜೂಡೋ ವಿದ್ಯೆಯನ್ನು ಆರಂಭಿಸಿದ ಜಿಗೋರೋ ಕಾನೋ ಅವರೂ ಶಿಕ್ಷಕರು. ಅವರು 1882ರಲ್ಲಿ ಟೋಕಿಯೋದ ಒಂದು ಬೌದ್ಧ ಮಂದಿರದಲ್ಲಿ 12 ಚಾಪೆ ಹಾಸುವಷ್ಟು ಜಾಗದಲ್ಲಿ ತಮ್ಮ ಶಾಲೆಯನ್ನು ತೆರೆದರು. ಜೂಡೋ ಎಂಬ ಮಾತಿಗೆ ಮೃದುಮಾರ್ಗವೆಂದು ಅರ್ಥ. ಅಲ್ಲಿಯೂ ಮೊದಲು ಕಲಿಸುವುದು ಎದುರಾಳಿಯನ್ನು ಬೀಳಿಸುವುದನ್ನಲ್ಲ, ಪೆಟ್ಟಾಗದಂತೆ ತಾನು ಬೀಳುವುದನ್ನು. ನಮ್ಮ ವಸ್ತಾದರು ಸಲಿಕೆ ಕೊಟ್ಟದ್ದಕ್ಕೂ ಇದಕ್ಕೂ ದೂರವಿಲ್ಲ ನೋಡಿರಿ. ನಿಜವಾದ ಗುರುಗಳು ಎಲ್ಲಿದ್ದರೂ ಮೊದಲು ಅಹಂಕಾರವನ್ನೇ ನೆಲಕ್ಕೆ ಹಾಕುತ್ತಾರೆ.

ನಿಲ್ಲಿಸುವುದನ್ನು ಕಲಿಸುವ ಮಾತು ಹೇಳಿದೆವಲ್ಲ, ಅದಕ್ಕೆ ಮೈಸೂರಿನ ಜಟ್ಟಿಗಳ ವಜ್ರಮುಷ್ಟಿ ಕಾಳಗವನ್ನು ನೆನೆಯಬೇಕು. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ತಲೆ ಬೋಳಿಸಿದ ಜಟ್ಟಿಗಳು ಕೈಗೆ ವಜ್ರನಖ ಧರಿಸಿ ಎದುರಾಗುತ್ತಾರೆ. ಆಯುಧ ಭಯಂಕರವಾದುದು. ಆದರೆ ನಿಯಮವೇನು? ಯಾರ ತಲೆಯಿಂದಲೇ ಆಗಲಿ ಮೊದಲ ಹನಿ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯಿತು. ವರುಷವೆಲ್ಲ ಅಭ್ಯಾಸ ಮಾಡಿದ್ದು ಕೆಲವೇ ಕ್ಷಣಗಳಲ್ಲಿ ಮುಗಿದುಹೋಗುತ್ತದೆ. ಎರಡನೆಯ ಹನಿಗೆ ಅಪ್ಪಣೆಯಿಲ್ಲ. ನಾಡಕುಸ್ತಿಯಲ್ಲಿಯೂ ಹಾಗೆಯೇ. ಎದುರಾಳಿಯ ಬೆನ್ನು ಮಣ್ಣಿಗೆ ತಾಗಿ ಚಿತ್ ಆದನೆಂದರೆ ಮುಗಿಯಿತು, ಆಮೇಲೆ ಗೆದ್ದವನೇ ಕೈಹಿಡಿದು ಎಬ್ಬಿಸಬೇಕು. ಆ ಹುಡುಗ ಕಾಲೇಜಿನ ಅಂಗಳದಲ್ಲಿ ಎರಡನೆಯ ಹನಿಗೆ, ಮೂರನೆಯ ಹನಿಗೆ ಹೋದ. ಹೊಡೆಯುವ ಬಲವನ್ನು ದಂಡಬೈಠಕ್ಕು ಕೊಡುತ್ತದೆ. ನಿಲ್ಲಿಸುವ ಬಲವನ್ನು ಕೊಡುವವನು ಗುರು ಒಬ್ಬನೇ.

ಇನ್ನು, ತಾಯಂದಿರೇ, ತಂದೆಗಳೇ, ನೀವು ಹೋಗಿ ನೋಡಬೇಕಾದುದು ಏನು? ಐದು ಮಾತುಗಳನ್ನು ಹೇಳುತ್ತೇವೆ.

ಮೊದಲನೆಯದಾಗಿ, ತಿಳಿಸದೆ ಹೋಗಿರಿ, ಒಂದಕ್ಕಿಂತ ಹೆಚ್ಚು ಸಲ ಹೋಗಿರಿ, ಬಾಗಿಲಲ್ಲಿ ಕುಳಿತು ನೋಡಿರಿ. ತಂದೆತಾಯಿಗಳು ಒಳಗೆ ಬರಬಾರದು, ನೋಡಬಾರದು ಎನ್ನುವ ಶಾಲೆಯಿದ್ದರೆ ಅಲ್ಲಿಂದ ಎದ್ದು ಬನ್ನಿರಿ.

ಎರಡನೆಯದಾಗಿ, ಚೆನ್ನಾಗಿ ಆಡುವ ಹುಡುಗನನ್ನು ನೋಡಬೇಡಿರಿ. ಎಲ್ಲರಿಗಿಂತ ಹಿಂದೆ ಬಿದ್ದ ಹುಡುಗನನ್ನು ನೋಡಿರಿ. ಅವನನ್ನು ಕಲಿಸುವವರು ಹೇಗೆ ಮಾತನಾಡಿಸುತ್ತಾರೆ? ಜೊತೆಯವರು ಅವನನ್ನು ನಕ್ಕರೆ ಸುಮ್ಮನಿರುತ್ತಾರೆಯೋ, ತಿದ್ದುತ್ತಾರೆಯೋ? ನಿಮ್ಮ ಮಗನೂ ಒಂದು ದಿನ ಹಿಂದೆ ಬೀಳುವವನೇ. ಆ ದಿನ ಅವನ ಗತಿ ಏನೆಂಬುದು ಅಲ್ಲಿ ಇಂದೇ ಕಾಣುತ್ತದೆ.

ಮೂರನೆಯದಾಗಿ, ಪೆಟ್ಟಾದಾಗ ಏನಾಗುತ್ತದೆ ನೋಡಿರಿ. ಪೆಟ್ಟೇ ಆಗದ ಗರಡಿಯಿಲ್ಲ. ಆದರೆ ಮಗುವಿನ ವಯಸ್ಸಿಗೆ, ತೂಕಕ್ಕೆ ಸರಿಯಾದ ಜೋಡಿ ಕಟ್ಟುತ್ತಾರೆಯೋ? ಬೀಳುವುದನ್ನು ಕಲಿಸಿ ಆಮೇಲೆ ಬೀಳಿಸುವುದನ್ನು ಕಲಿಸುತ್ತಾರೆಯೋ? ತಲೆಗೆ ಪೆಟ್ಟು ಬಿದ್ದರೆ ಆಟ ನಿಲ್ಲಿಸಿ ವೈದ್ಯರಲ್ಲಿಗೆ ಕಳುಹಿಸುತ್ತಾರೆಯೋ, ಇಲ್ಲವೆ "ಗಂಡಸಾಗು, ಎದ್ದೇಳು" ಎಂದು ಮತ್ತೆ ನೂಕುತ್ತಾರೆಯೋ? ಹೊಡೆದು ಬಡಿದು ಶಿಸ್ತು ಕಲಿಸುತ್ತೇನೆನ್ನುವವನು ಶಿಸ್ತನ್ನು ಕಲಿಸುವುದಿಲ್ಲ, ಅಂಜಿಕೆಯನ್ನು ಕಲಿಸುತ್ತಾನೆ. ಅಂಜಿಕೆ ಬಲಿತ ಮೇಲೆ ತನಗಿಂತ ಸಣ್ಣವರ ಮೇಲೆ ತಿರುಗುತ್ತದೆ.

ನಾಲ್ಕನೆಯದು ಹಣದ ಮಾತು, ಊಟದ ಮಾತು. ಕಲಿಸುವವರಿಗೂ ಹೊಟ್ಟೆಯುಂಟು, ಫೀಜು ಕೊಡುವುದು ಧರ್ಮ. ಆದರೆ ಎಷ್ಟು, ಯಾವಾಗ, ಏತಕ್ಕೆ ಎಂಬುದನ್ನು ಮೊದಲೇ ಹೇಳಬೇಕು. ಪಟ್ಟಿಯನ್ನು ಮಾರುವ ಅಂಗಡಿಗೆ ಹೋಗಬೇಡಿರಿ. ಊಟದ ವಿಷಯದಲ್ಲಿ ನಮ್ಮ ಭಕ್ತರು ಬಂದು ಕೇಳುವುದುಂಟು: "ಮಾಂಸ ತಿನ್ನದಿದ್ದರ ಮೈ ಕಟ್ಟತೈತೇನ್ರಿ?" ರೊಟ್ಟಿ, ಬೇಳೆ, ಮೊಳಕೆಕಾಳು, ಶೇಂಗಾ, ಹಾಲು, ಮೊಸರುಗಳ ಮೇಲೆಯೇ ಬೆಳೆದ ಪೈಲವಾನರನ್ನು ನಾವು ಕಣ್ಣಾರೆ ಕಂಡಿದ್ದೇವೆ. ಅಂಜಬೇಕಾದುದು ಡಬ್ಬಿಯ ಪುಡಿಗೆ, ಸೂಜಿಮದ್ದಿಗೆ. ಬೇಗ ಮೈ ಉಬ್ಬಲಿ ಎಂದು ಕೊಡುವ ಆ ಮದ್ದು ಒಳಗಿನ ಅಂಗಾಂಗಗಳನ್ನು ತಿಂದುಹಾಕುತ್ತದೆ. ಕ್ರೀಡೆಯಲ್ಲಿ ಇಂಥ ಮದ್ದನ್ನು ತಡೆಯಲು 2022ರಲ್ಲಿ ದೇಶದಲ್ಲಿ ಕಾಯಿದೆಯನ್ನೇ ಮಾಡಿದ್ದಾರೆ. ವೈದ್ಯರಲ್ಲದವರು ಏನನ್ನು ಕೊಟ್ಟರೂ ತೆಗೆದುಕೊಳ್ಳಬಾರದೆಂದು ಮಕ್ಕಳಿಗೆ ಹೇಳಿರಿ.

ಐದನೆಯದಾಗಿ, ಕಲಿಸುವವರು ತಾವೇ ಇನ್ನೂ ಸಾಧನೆ ಮಾಡುತ್ತಾರೆಯೋ, ಬೇರೆ ಶಾಲೆಯವರನ್ನು ಕುರಿತು ಹೇಗೆ ಮಾತನಾಡುತ್ತಾರೆ ನೋಡಿರಿ. ತನ್ನ ವಿದ್ಯೆಯೊಂದೇ ವಿದ್ಯೆ, ಉಳಿದದ್ದೆಲ್ಲ ಕಸ ಎನ್ನುವವನ ಬಳಿಯಲ್ಲಿ ಮಕ್ಕಳು ಆ ಮಾತನ್ನೇ ಮೊದಲು ಕಲಿಯುತ್ತಾರೆ. ತುಂಬಿದ ಕೊಡ ತುಳುಕುವುದಿಲ್ಲ.

ಹೆಣ್ಣುಮಕ್ಕಳ ವಿಷಯವನ್ನು ಬೇರೆಯಾಗಿ ಹೇಳಬೇಕು. "ಹುಡುಗಿಗೆ ಯಾತಕ್ಕೆ ಇದೆಲ್ಲ" ಎನ್ನುವವರು ಇನ್ನೂ ಇದ್ದಾರೆ. ಕಿತ್ತೂರಿನ ರಾಣಿ ಚೆನ್ನಮ್ಮ ಕುದುರೆ ಏರುವುದನ್ನೂ ಕತ್ತಿವರಸೆಯನ್ನೂ ಕಲಿತಿರದಿದ್ದರೆ 1824ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ಕಂಪನಿ ಸರಕಾರದ ಥ್ಯಾಕರೆಯ ದಂಡು ಸೋಲುತ್ತಿರಲಿಲ್ಲ. ಆದ್ದರಿಂದ ಕಳುಹಿಸಿರಿ. ಆದರೆ ಕಣ್ಣು ತೆರೆದುಕೊಂಡು ಕಳುಹಿಸಿರಿ. 2023ರಲ್ಲಿ ದೇಶಕ್ಕೆ ಪದಕಗಳನ್ನು ತಂದ ಕುಸ್ತಿಯ ಹೆಣ್ಣುಮಕ್ಕಳು ದೆಹಲಿಯ ಜಂತರ್ ಮಂತರಿನ ಬೀದಿಯಲ್ಲಿ ಕುಳಿತು, ನಮಗೆ ಆದ ಕಿರುಕುಳಕ್ಕೆ ನ್ಯಾಯ ಕೊಡಿರಿ ಎಂದು ಕೇಳಿದ್ದನ್ನು ನೀವೆಲ್ಲ ಟೀವಿಯಲ್ಲಿ ಕಂಡಿದ್ದೀರಿ. ಎದುರಾಳಿಗೆ ಅಂಜದ ಮಕ್ಕಳು ಅವರು. ಅವರಿಗೂ ಬೀದಿಗೆ ಬರಬೇಕಾಯಿತು. ಮಗಳಿಗೆ ಹೇಳಿರಿ: ಗುರು ಎಂಬ ಹೆಸರಿಗೆ ಅಂಜಿ ಬಾಯಿ ಮುಚ್ಚಿಕೊಳ್ಳಬೇಡ. ಏಕಾಂತದ ಪಾಠವೆಂಬುದು ಬೇಡ, ದೂರದ ಊರಿನ ಪಂದ್ಯಕ್ಕೆ ಹೆಂಗಸರಿಲ್ಲದೆ ಕಳುಹಿಸುವುದು ಬೇಡ. ಮಗು ಬಂದು ಏನಾದರೂ ಹೇಳಿದರೆ "ಮನೆತನದ ಮರ್ಯಾದೆ" ಎಂದು ಅದುಮಬೇಡಿರಿ. ಮಕ್ಕಳ ರಕ್ಷಣೆಗೆಂದೇ 2012ರಲ್ಲಿ ಮಾಡಿದ ಪೋಕ್ಸೋ ಕಾಯಿದೆಯುಂಟು. ಅಲ್ಲಿಗೆ ಹೋಗುವುದೂ ಗಣಾಚಾರವೇ. ಇದನ್ನು ಮಠಕ್ಕೂ ಹೇಳುತ್ತೇವೆ. ನಾವು ಕಾವಿ ಹಾಕಿಕೊಂಡಿದ್ದೇವೆಂದು ನಮ್ಮನ್ನೂ ಪರೀಕ್ಷಿಸದೆ ಬಿಡಬೇಡಿರಿ.

ಇಷ್ಟು ಹೇಳಿದ ಮೇಲೆ ಆ ಹುಡುಗನ ಮಾತನ್ನು ಮುಗಿಸಬೇಕು. ಕೋರ್ಟಿನಲ್ಲಿ ಮೊಕದ್ದಮೆ ನಡೆದಿದೆ. ಅದನ್ನು ಹಿಂದಕ್ಕೆ ತೆಗೆಸಿರೆಂದು ಅವನ ಬಂಧುಗಳು ನಮ್ಮನ್ನು ಕೇಳಿದರು. ನಾವು ಒಪ್ಪಲಿಲ್ಲ. ದವಡೆ ಮುರಿದುಕೊಂಡವನೂ ಒಬ್ಬ ತಾಯಿಯ ಮಗನೇ. ಆದರೆ ಹುಡುಗನಿಗೆ, "ವಕೀಲರ ಮೂಲಕ ಅಲ್ಲ, ನೀನೇ ಅವರ ಮನೆಗೆ ಹೋಗು. ಬಾಗಿಲು ತೆರೆಯದಿದ್ದರೆ ಹೊರಗೆ ನಿಂತು ಕೈಮುಗಿದು ಬಾ" ಎಂದೆವು. ಮೊದಲ ಸಲ ಬಾಗಿಲು ತೆರೆಯಲಿಲ್ಲ. ಎರಡನೆಯ ಸಲ ಬೈದು ಕಳುಹಿಸಿದರು. ಮೂರನೆಯ ಸಲ ಆ ತಾಯಿ ಒಂದು ತಂಬಿಗೆ ನೀರು ತಂದುಕೊಟ್ಟು, ಮಾತನಾಡದೆ ಒಳಗೆ ಹೋದರು. ಹುಡುಗ ಮಠಕ್ಕೆ ಬಂದು ಅಂದು ಅತ್ತಷ್ಟು ಎಂದೂ ಅತ್ತಿರಲಿಲ್ಲ. ಅವನಿಗೆ ಬಂದ ಅಷ್ಟೂ ಪಟ್ಟಿಗಳಿಗಿಂತ ಆ ಒಂದು ತಂಬಿಗೆ ನೀರು ದೊಡ್ಡದು. ಈಗ ಅವನು ಆ ಸರಕಾರಿ ಶಾಲೆಯ ಪಡಸಾಲೆಗೆ ಹೋಗುತ್ತಾನೆ. ಆಕೆ ಅವನಿಗೆ ಮೊದಲ ತಿಂಗಳು ಯಾವ ವರಸೆಯನ್ನೂ ಕಲಿಸಲಿಲ್ಲ. ಸಣ್ಣ ಮಕ್ಕಳು ಬಿದ್ದಾಗ ಎತ್ತುವ ಕೆಲಸಕ್ಕೆ ಇಟ್ಟರು. ಬಿದ್ದವನನ್ನು ಹೊಡೆದ ಕೈಗೆ ಬಿದ್ದವರನ್ನು ಎತ್ತುವ ಕಾಯಕ. ಇದಕ್ಕಿಂತ ಒಳ್ಳೆಯ ಪ್ರಾಯಶ್ಚಿತ್ತವನ್ನು ನಾವು ಆಗಮಗಳನ್ನು ತಿರುವಿ ಹಾಕಿದರೂ ಹೇಳಲಾರೆವು.

ಆ ತಾಯಿ ಇಂದು ಸಭೆಯಲ್ಲಿ ಕುಳಿತಿದ್ದಾರೆ. ಮಗನು ಈ ಹೊತ್ತು ನಮ್ಮ ಪಾದುಕೆಗಳ ಹತ್ತಿರ ಬರದಂತೆ ಗಟ್ಟಿಯಾಗಿ ಹಿಡಿದುಕೊಂಡಿದ್ದಾರೆ! ತಾಯೀ, ಗರಡಿಯೋ ಕರಾಟೆಯೋ ಎಂದು ಕೇಳಿದಿರಿ. ಎರಡರಲ್ಲಿ ಯಾವುದಾದರೂ ಆಗಬಹುದು. ಯಾವ ಮನೆಯಲ್ಲಿ ಕೈಗೆ ಮೊದಲು ಕಸಬರಿಗೆ ಕೊಡುತ್ತಾರೋ, ಬಿದ್ದವನನ್ನು ಎತ್ತುವುದು ಕಲಿಸುತ್ತಾರೋ, ಎಲ್ಲಿ ನಿಲ್ಲಿಸಬೇಕೆಂದು ಹೇಳಿಕೊಡುತ್ತಾರೋ ಆ ಮನೆಗೆ ಕಳುಹಿಸಿರಿ. ಒಂದು ವರುಷದ ಮೇಲೆ ಅವನನ್ನು ನೋಡಿರಿ. ತಂಗಿಯೊಡನೆ ಜಗಳ ಕಡಿಮೆಯಾಗಿದ್ದರೆ, ಮನೆಯ ಆಳಿನೊಡನೆ ಮೆಲ್ಲಗೆ ಮಾತನಾಡುತ್ತಿದ್ದರೆ, ಅದು ಸರಿಯಾದ ಗರಡಿ. ತೋಳು ಮಾತ್ರ ದಪ್ಪವಾಗಿ ಮಾತೂ ದಪ್ಪವಾಗಿದ್ದರೆ ಮರುದಿನವೇ ಬಿಡಿಸಿರಿ, ಕಟ್ಟಿದ ಫೀಜು ಹೋದರೆ ಹೋಗಲಿ. ಮತ್ತೊಂದು ಮಾತು. ಮನೆಯಲ್ಲಿ ಯಾರ ಮಾತೂ ಕೇಳುವುದಿಲ್ಲ ಎಂದಿರಿ. ಗರಡಿಯ ಶಿಸ್ತು ಒಂದು ತಾಸಿನದು, ಉಳಿದ ಇಪ್ಪತ್ತಮೂರು ತಾಸು ನಿಮ್ಮದು. ಮನೆಯೇ ಮೊದಲನೆಯ ಗರಡಿ, ತಂದೆತಾಯಿಗಳೇ ಮೊದಲನೆಯ ವಸ್ತಾದರು. ಬೆಳಿಗ್ಗೆ ಎದ್ದು ಮಿಂದು ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಅಲುಗದೆ ಕುಳಿತುಕೊಳ್ಳುವುದನ್ನು ಮಗು ನಿಮ್ಮಲ್ಲಿ ಕಂಡರೆ, ಅದೂ ಒಂದು ಸಾಮು ಎಂದು ತಾನೇ ತಿಳಿದುಕೊಳ್ಳುತ್ತದೆ.

ನಾಳೆ ಈ ಮಗುವಿಗೆ ವಿಭೂತಿ ಹಚ್ಚಿ ಆಶೀರ್ವದಿಸುತ್ತೇವೆ. ಆದರೆ ಈ ಸಲ ಮೊದಲು ಕೇಳುತ್ತೇವೆ: ಎಲ್ಲಿ, ಯಾರ ಹತ್ತಿರ, ನೀವು ಎಷ್ಟು ದಿನ ಬಾಗಿಲಲ್ಲಿ ಕುಳಿತು ನೋಡಿದಿರಿ? ಉತ್ತರ ಬಂದ ಮೇಲೆಯೇ ಕೈ ತಲೆಯ ಮೇಲೆ ಇಡುತ್ತೇವೆ.

ನಿಮ್ಮ ಮಕ್ಕಳಿಗೆ ಬಲ ಬರಲಿ, ಬಲಕ್ಕೆ ಬಾಗುವ ಗುಣ ಬರಲಿ, ಎತ್ತಿದ ಕೈಯನ್ನು ಇಳಿಸುವ ಧೈರ್ಯ ಬರಲಿ. ಶ್ರೀಗುರು ಬಸವಾದಿ ಶರಣರ ಕೃಪೆ ಎಲ್ಲರ ಮೇಲಿರಲಿ. ಸರ್ವರಿಗೂ ಸನ್ಮಂಗಳವಾಗಲಿ.

ಶರಣು ಶರಣಾರ್ಥಿ.